ನೆಲಕ್ಕೆ ಏಳು ಬೊಟ್ಟು

ಅವ್ವ ಮುಟ್ಟಿದ ಬಾಗಿಲ ಚಿಲಕಗಳೆಲ್ಲ ಜಾರುತ್ತಿದ್ದವು. ಪುಣೆಯ ಪೇಠೆಯೊಂದರ ಹಳೇ ವಾಡೆಯಲ್ಲಿ ನಮ್ಮದು ಎರಡು ಖೋಲಿಯ ಮನೆ. ನಲ್ಲಿ, ಚಿಲಕ, ಟ್ರಂಕಿನ ಕೊಂಡಿ, ನನ್ನ ಶಾಲೆಯ ಪುಸ್ತಕ, ಎಲ್ಲದರ ಮೇಲೂ ಒಳ್ಳೆಣ್ಣೆಯ, ಅಂದರೆ ಎಳ್ಳೆಣ್ಣೆಯ ಪಸೆ. ಭೂಗೋಳದ ಪುಸ್ತಕದಲ್ಲಿ ಅವಳ ಹೆಬ್ಬೆರಳಿನ ಗುರುತು ಬಿದ್ದು, ಹಾಳೆಯ ಆಚೆ ಬದಿಯ ಅಕ್ಷರಗಳು ಈಚೆಗೆ ಕಾಣುತ್ತಿದ್ದವು. ಪಾಠ ಹೇಳುವ ಬಾಯಿಯವರು ಕೇಳಿದರೆ ದೇವರ ದೀಪದ ಎಣ್ಣೆ ಚೆಲ್ಲಿತು ಎಂದು ಹೇಳಿಬಿಡುತ್ತಿದ್ದೆ. ಧಾರವಾಡದ ಕಡೆಯಿಂದ ಬಂದ ಅಪ್ಪ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಅವ್ವ ಮನೆಮನೆಗೆ ಹೋಗಿ ಕೂಸುಗಳಿಗೂ ಬಾಣಂತಿಯರಿಗೂ ಎಣ್ಣೆ ತಿಕ್ಕಿ ಎರೆಯುತ್ತಿದ್ದಳು. ಪೇಠೆಯ ಮರಾಠಿ ಮನೆಗಳಲ್ಲಿ ಅವಳಿಗೆ ‘ಕನ್ನಡದ ಮಾವಶಿ’, ಕನ್ನಡದ ಚಿಕ್ಕಮ್ಮ, ಎಂದೇ ಹೆಸರು.

ಶಾಲೆಗೆ ರಜೆ ಇದ್ದಾಗ ನಾನೂ ಅವಳ ಹಿಂದೆ ಹೋಗುತ್ತಿದ್ದೆ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಎರಡೂ ಕಾಲು ಮುಂದೆ ಚಾಚಿ, ಅದರ ಮೇಲೆ ಕೂಸನ್ನು ಬೋರಲು ಹಾಕಿಕೊಳ್ಳುವಳು. ಕೂಸು ವಾಡೆ ಹಾರಿಹೋಗುವ ಹಾಗೆ ಅಳುತ್ತಿತ್ತು. ಒಳಗೆ ಅದರ ತಾಯಿ ಕಣ್ಣೀರು ಹಾಕುತ್ತಿದ್ದಳು. ಅವ್ವನಿಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ, ಅವಳು ಕೈಯಿಂದಲೇ ಕೇಳುವ ಹೆಂಗಸು. ಅಷ್ಟೆಲ್ಲ ರಂಪ ಮಾಡಿದ ಕೂಸು ಬಟ್ಟೆಯಲ್ಲಿ ಸುತ್ತಿದ ಕೂಡಲೇ ಹೆಣದಂತೆ ನಿದ್ದೆ ಹೋಗುತ್ತಿತ್ತು. ಈ ಹೋಲಿಕೆಯನ್ನು ಒಮ್ಮೆ ಅವ್ವನ ಎದುರು ಬಾಯಿಬಿಟ್ಟು ಹೇಳಿ ಬೆನ್ನಿಗೆ ಗುದ್ದು ತಿಂದಿದ್ದೇನೆ.

ತಿಕ್ಕಲು ಶುರು ಮಾಡುವ ಮೊದಲು ಅವಳು ಒಂದು ಕೆಲಸವನ್ನು ತಪ್ಪಿಸುತ್ತಿರಲಿಲ್ಲ. ಎಣ್ಣೆಯ ಬಟ್ಟಲಿಗೆ ಬೆರಳದ್ದಿ, ಪಕ್ಕದ ನೆಲದ ಮೇಲೆ ಸಾಲಾಗಿ ಏಳು ಬೊಟ್ಟು ಇಡುತ್ತಿದ್ದಳು. ನಮ್ಮ ಕಡೆ ಹಬ್ಬದ ಎಣ್ಣೆಸ್ನಾನಕ್ಕೆ ಇದನ್ನು ಮಾಡುತ್ತಾರೆ. ಸಾವಿಲ್ಲದ ಚಿರಂಜೀವಿಗಳು ಏಳು ಜನ, ಮೊದಲ ಎಣ್ಣೆ ಅವರ ಪಾಲಿಗೆ. ಆಮೇಲೆ ಅದೇ ಎಣ್ಣೆ ಯಾರ ಮೈಗೆ ಬೀಳುತ್ತದೋ ಅವರಿಗೂ ಆ ಆಯುಷ್ಯದಲ್ಲಿ ಒಂದು ಚೂರು ಸಿಗಲಿ ಎಂಬ ಆಸೆ. ಬೇರೆಯವರ ಮನೆಯಲ್ಲಿ ಅದು ದೀಪಾವಳಿಯ ಬೆಳಗಿನ ಶಾಸ್ತ್ರ. ಅವ್ವನಿಗೆ ದಿನನಿತ್ಯದ್ದು, ಕೂಸು ಯಾವ ಜಾತಿಯದಿರಲಿ, ಯಾವ ಮನೆಯದಿರಲಿ. ಶಹಾಬಾದ್ ಕಲ್ಲಿನ ನೆಲ ಆ ಬೊಟ್ಟುಗಳನ್ನು ಆಗಿಂದಾಗಲೇ ಕುಡಿದುಬಿಡುತ್ತಿತ್ತು. ವರ್ಷಗಟ್ಟಲೆ ಅವಳು ಹೋಗುತ್ತಿದ್ದ ಮನೆಗಳ ಬಚ್ಚಲಿನ ಬಾಗಿಲಲ್ಲಿ ಕಲ್ಲು ಕರಿಯ ಚುಕ್ಕೆಚುಕ್ಕೆಯಾಗಿತ್ತು.

ಗಡಿಬಿಡಿ ಇದ್ದಾಗಲಾದರೂ ಬಿಡಬಾರದೇ ಎಂದು ಒಮ್ಮೆ ಕೇಳಿದ್ದೆ.

“ಬೊಟ್ಟ ಇಡಲಾರದ ತಿಕ್ಕಿದ್ರ ಅದು ಬರೇ ಕೂಲಿ ಆಗತದ” ಅಂದಳು.

ಈಗ ಆ ವಾಡೆ ಇಲ್ಲ. ಅಲ್ಲಿ ಎದ್ದು ನಿಂತ ಕಟ್ಟಡದ ಕೆಳಗೆ ಮೊಬೈಲ್ ಅಂಗಡಿ ಇದೆ. ಆ ದಾರಿಯಲ್ಲಿ ಹೋದಾಗಲೆಲ್ಲ ನನ್ನ ಕಣ್ಣು ನೆಲದ ಮೇಲೇ ಹೋಗುತ್ತದೆ, ಅಲ್ಲಿ ಈಗ ಹೊಳೆಯುವ ಟೈಲ್ಸ್.

ಚಿಕ್ಕಂದಿನಲ್ಲಿ ನಾನು ಎಣ್ಣೆಯ ವಾಸನೆಗೆ ಮೂಗು ಮುರಿಯುತ್ತಿದ್ದವಳು. ಆದರೆ ಹಣೆಬರಹ ನೋಡಿ, ಸುತ್ತಿ ಬಳಸಿ ಅದೇ ಕಸುಬಿಗೆ ಬಂದೆ. ಅವ್ವ ಹಿತ್ತಲ ಬಾಗಿಲಿನಿಂದ ಬಂದಿದ್ದಳು, ನಾನು ಮುಂಬಾಗಿಲಿನಿಂದ. ಕೋರ್ಸು ಮಾಡಿದೆ, ಎಲುಬು ಸ್ನಾಯುಗಳ ಹೆಸರು ಬಾಯಿಪಾಠ ಮಾಡಿದೆ, ಸರ್ಟಿಫಿಕೇಟನ್ನು ಕಟ್ಟು ಹಾಕಿಸಿದೆ. ಮದುವೆಯಾದ ಮೇಲೆ ಗಂಡನ ಕಾರ್ಖಾನೆ ಇದ್ದ ತಳೇಗಾಂವ ದಾಭಾಡೆಗೆ ಬಂದೆವು. ಅಲ್ಲಿ ಕಾಲನಿಯ ಒಂದು ಕಟ್ಟಡದ ಕೆಳಮಹಡಿಯಲ್ಲಿ ಎರಡು ಕೋಣೆ ಹಿಡಿದು ಮಸಾಜ್ ಥೆರಪಿ ಕೇಂದ್ರ ತೆರೆದೆ. ಬೋರ್ಡು ಓದಿಸಿಕೊಂಡು ಕೇಳಿದ ಅವ್ವ, ತಿಕ್ಕುವುದಕ್ಕೆ ಇಷ್ಟುದ್ದ ಹೆಸರೇ ಎಂದು ಸೆರಗು ಬಾಯಿಗೆ ಹಚ್ಚಿ ನಕ್ಕಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅವಳು ನಮ್ಮ ಜೊತೆಗೇ ಬಂದು ಇದ್ದಳು. ಬಂದ ವಾರದೊಳಗೆ ಸೀರೆಯ ಮೇಲೆ ನನ್ನದೊಂದು ಬಿಳಿ ಏಪ್ರನ್ ಕಟ್ಟಿಕೊಂಡು ಕೇಂದ್ರದಲ್ಲಿ ಪ್ರತ್ಯಕ್ಷವಾದಳು. ಬೇಡ ಅನ್ನಲು ನನಗೆ ಎದೆ ಸಾಲಲಿಲ್ಲ, ಮನಸ್ಸೂ ಇರಲಿಲ್ಲ. ಚಾಕಣದ ಕಾರು ಕಾರ್ಖಾನೆಗಳಿಂದ ಭುಜ ಬಿಗಿದುಕೊಂಡು ಬರುವ ಗಂಡಸರು ನನ್ನ ಪಾಲು. ಹೆಂಗಸರು ಮತ್ತು ವಯಸ್ಸಾದವರ ಮೊಣಕಾಲು ಅವಳ ಪಾಲು. ಆ ಮೊಣಕಾಲುಗಳಲ್ಲಿ ಮುಖ್ಯವಾದವು ದೇಹೂ ರೋಡಿನ ಒಬ್ಬ ನಿವೃತ್ತ ಸುಭೇದಾರರವು. ಬೆಳಗಾವಿ ಕಡೆಯ ಮನುಷ್ಯ, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಕಲಸಿ ಮಾತಾಡುವವರು. ಮೀಸೆ ಮಾತ್ರ ಇನ್ನೂ ಸೇವೆಯಲ್ಲೇ ಇತ್ತು. ಅವ್ವನಿಗೆ ಅಕ್ಕಾರ ಅನ್ನುತ್ತಿದ್ದರು, ವಾರಕ್ಕೊಮ್ಮೆ ಬಂದು ಮೊಣಕಾಲು ಒಪ್ಪಿಸಿ, ಊರಕಡೆಯ ಮಾತು ತೆಗೆದು, ಅವಳ ಕೈಯ ಚಹಾ ಕುಡಿದೇ ಹೋಗುತ್ತಿದ್ದರು.

ಅಲ್ಲಿಯೂ ಅವಳ ಏಳು ಬೊಟ್ಟು ನಡೆದೇ ಇತ್ತು. ಎಣ್ಣೆ ಚೆಲ್ಲುತ್ತದೆಂದು ಮೇಜಿನ ಸುತ್ತ ಹಳೇ ಕೌದಿಯ ತುಂಡು ಹಾಸಿದ್ದೆ. ಅವಳು ಬಗ್ಗಿ ಆ ಕೌದಿಯ ಮೇಲೇ ಬೊಟ್ಟು ಇಡುವಳು, ಹತ್ತಿಬಟ್ಟೆ ಕಲ್ಲಿಗಿಂತ ಬೇಗ ಕುಡಿಯುವುದು. ಬಂದವರಿಗೆ ಅದು ಕಾಣುತ್ತಲೂ ಇರಲಿಲ್ಲ, ಅವಳು ಹೇಳುತ್ತಲೂ ಇರಲಿಲ್ಲ. ಚಾಕಣದ ಫೋರ್‌ಮನ್ನನಿಗೆ ನಿನಗೆ ಚಿರಂಜೀವಿಗಳ ಪಾಲು ಕೊಟ್ಟಿದ್ದೇವೆ ಅಂದರೆ ಅವನೇನು ಮಾಡಬೇಕು ಪಾಪ.

ಆದರೆ ಕಾಲನಿಯ ಮಂದಿಗೆ ಎಣ್ಣೆ ಒಗ್ಗಲಿಲ್ಲ. ಆಫೀಸಿನ ಅಂಗಿಗೆ ಕಲೆ, ಕಾರಿನ ಸೀಟಿಗೆ ಕಲೆ, ಕೂದಲಿಗೆ ವಾಸನೆ. ಟವೆಲು ಒಗೆದೊಗೆದು ನಮ್ಮ ವಾಶಿಂಗ್ ಮಶೀನು ಸುಸ್ತಾಯಿತು. ಬೇರೆ ಕಡೆ ಎಲ್ಲ ಕ್ರೀಮು ಹಚ್ಚುತ್ತಾರೆ ಎಂದು ನಾಲ್ಕು ಜನ ಹೇಳಿದ ಮೇಲೆ ನಾನೂ ಒಂದು ಡಬ್ಬಿ ತರಿಸಿದೆ. ನೀಲಿ ಹೂವಿನ ಚಿತ್ರ, ಮದುವೆಮನೆಯ ಹಾಗೆ ಘಮಘಮ. ಅವ್ವನಿಗೂ ಆ ಕ್ರೀಮಿಗೂ ಮೊದಲ ದಿನದಿಂದಲೇ ಎಣ್ಣೆ ಸೀಗೆಕಾಯಿ. ಇದು ಎಣ್ಣೆಯೂ ಅಲ್ಲ ಬೆಣ್ಣೆಯೂ ಅಲ್ಲ ಎಂದು ಬೈದುಕೊಂಡೇ ಹಚ್ಚಿದಳು. ಸ್ವಲ್ಪ ದಿನಕ್ಕೆ ಅವಳ ಎರಡೂ ಅಂಗೈ ಕೆಂಪಗಾಗಿ, ತುರಿಸಿ, ಸುಲಿಯತೊಡಗಿದವು. ಡಾಕ್ಟರು ಕೆಲಸ ಬಿಡಿಸಿ ಮುಲಾಮು ಕೊಟ್ಟರು.

ಅವ್ವ ಸುಮ್ಮನೆ ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ಅವಳಿಗೆ ಕೂಡಲು ಬರುತ್ತಲೇ ಇರಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಟ್ಟರೆ ಅದರ ತುದಿಯಲ್ಲಿ, ಯಾರೋ ಈಗ ಕರೆಯುತ್ತಾರೆ ಎಂಬ ಹಾಗೆ ಕೂಡುವಳು. ತಾನೇ ತನ್ನ ಮೊಣಕಾಲನ್ನು ಮುಂಗೈಯಿಂದ ಮೆಲ್ಲಗೆ ಉಜ್ಜಿಕೊಳ್ಳುವಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಟಿವಿ ಹಚ್ಚಿಕೊಡುತ್ತಿದ್ದೆ, ಅವಳು ಟಿವಿಯಲ್ಲಿ ಬಂದವರ ಭುಜ ನೋಡಿ ಯಾರಿಗೆ ಎಲ್ಲಿ ನೋವಿದೆ ಎಂದು ಹೇಳುತ್ತಿದ್ದಳು.

ಆರ್ಗ್ಯಾನಿಕ್ ಎಂಬ ಮಾತು ಕೇಳಿದರೆ ನನಗೆ ಮೊದಲು ಸಿಟ್ಟೇ ಬರುವುದು. ನಮ್ಮ ಕಾಲನಿಯಲ್ಲಿ ಬೆಲ್ಲ ಆರ್ಗ್ಯಾನಿಕ್, ಕೊತ್ತಂಬರಿ ಆರ್ಗ್ಯಾನಿಕ್, ಈಗೀಗ ಊದಿನಕಡ್ಡಿಯೂ ಆರ್ಗ್ಯಾನಿಕ್. ಹಾಗಾಗಿ ಒಂದು ಮಧ್ಯಾಹ್ನ ಬ್ಯಾಗು ತೂಗುಹಾಕಿಕೊಂಡು ಬಂದ ಸೇಲ್ಸ್ ಹುಡುಗಿ, ಇದು ಮಸಾಜ್ ಮಾಡುವವರಿಗೆಂದೇ ತಯಾರಾದ ಆರ್ಗ್ಯಾನಿಕ್ ಕ್ರೀಮು ಎಂದು ದೊಡ್ಡ ಡಬ್ಬಿ ತೆಗೆದಾಗ ಬಾಗಿಲು ತೋರಿಸುವವಳಿದ್ದೆ. ಅಷ್ಟರಲ್ಲಿ ಅವ್ವ, ಅದರಲ್ಲಿ ಏನೇನು ಹಾಕಿದ್ದಾರೆ ಕೇಳು ಅಂದಳು. ಹುಡುಗಿ ಮರಾಠಿಯಲ್ಲಿ ಓದಿ ಹೇಳಿದಳು. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ, ಕೋಕಮ್ಮಿನ ಎಣ್ಣೆ, ಜೇನುಮೇಣ. ವಾಸನೆಗೆ ಏನೂ ಇಲ್ಲ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಆ ಗಿಡ ಡಬ್ಬಿಯಲ್ಲಿ ಕೂತು ಬಂದಾಗ ಮದ್ದಾಗುತ್ತದೆ ನೋಡಿ. ಕೋಕಮ್, ಅಂದರೆ ಮುರುಗಲ ಬೀಜದ ಎಣ್ಣೆಯ ಬಿಳಿ ಉಂಡೆಯನ್ನು ಅವ್ವ ಪೇಠೆಯ ಕೊಂಕಣದವರ ಅಂಗಡಿಯಿಂದ ತಂದು, ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಕಾಯಿಸಿ ಹಚ್ಚುತ್ತಿದ್ದಳು. ಹೆಸರು ಕೇಳಿ ಅವಳ ಮುಖ ಅರಳಿತು. ಡಬ್ಬಿ ಎಳೆದುಕೊಂಡು ಮೂಸಿದಳು, ಮಣಿಕಟ್ಟಿನ ಒಳಬದಿಗೆ ಹಚ್ಚಿ ಉಜ್ಜಿದಳು. ಆಮೇಲೆ ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಹುಡುಗಿ ಹೌಹಾರಿ, ಆಜಿ ಅದು ತಿನ್ನುವುದಲ್ಲ ಎಂದು ಎದ್ದೇಬಿಟ್ಟಳು. ಕೂಸಿನ ಬಾಯಿಗೆ ಹೋಗಬಾರದ್ದು ಮೈಗೂ ಹೋಗಬಾರದು ಎಂಬುದು ಅವ್ವನ ಹಳೇ ಕಾನೂನು, ಅದು ಹುಡುಗಿಗೆ ಹೇಗೆ ಗೊತ್ತಿರಬೇಕು.

“ತಗೊಳವಾ, ಇದು ಎಣ್ಣೀ ಮಗಳು” ಅಂದಳು ನನಗೆ.

ಮಣಿಕಟ್ಟಿನ ಮೇಲೆ ಹಚ್ಚಿದ್ದು ಮರುದಿನವೂ ಕೆಂಪಾಗಲಿಲ್ಲ. ಅಷ್ಟರಲ್ಲಿ ಅಂಗೈಯೂ ಮಾಗಿತ್ತು, ಅವಳು ಮತ್ತೆ ಏಪ್ರನ್ ಕಟ್ಟಿಕೊಂಡಳು. ಕ್ರೀಮು ನಿಜಕ್ಕೂ ಒಳ್ಳೆಯದಿತ್ತು, ಸುಳ್ಳು ಯಾಕೆ ಹೇಳಲಿ. ಕೈ ಜಾರುತ್ತಿತ್ತು, ಹಾಗೆಂದು ಹಿಡಿತ ತಪ್ಪುತ್ತಿರಲಿಲ್ಲ. ಮೈಯ ಬಿಸಿಗೆ ಕರಗಿ ಮೆಲ್ಲಗೆ ಒಳಗೆ ಇಳಿಯುತ್ತಿತ್ತು, ಅಂಗಿಗೆ ಹತ್ತುತ್ತಿರಲಿಲ್ಲ. ಒಂದು ಹನಿ ನೆಲಕ್ಕೆ ಬೀಳುವುದಿಲ್ಲ ಎಂದಾದ ಮೇಲೆ ಇನ್ನೇಕೆ ಎಂದು ಕೌದಿಯ ತುಂಡುಗಳನ್ನು ಒಗೆದು ಮಡಚಿ ಕಪಾಟಿನ ಮೇಲೆ ಇಟ್ಟೆವು. ಕೋಣೆ ಚೊಕ್ಕಟವಾಗಿ ಕಂಡು ಇಬ್ಬರಿಗೂ ಖುಷಿಯಾಯಿತು.

ಆ ವಾರ ಸುಭೇದಾರರು ಬಂದರು. ಅವ್ವ ಅಭ್ಯಾಸದಂತೆ ಬಗ್ಗಿ, ಮೇಜಿನ ಪಕ್ಕದಲ್ಲಿ ಏಳು ಬೊಟ್ಟು ಇಟ್ಟಳು. ಕಲ್ಲಿಲ್ಲ, ಕೌದಿಯಿಲ್ಲ, ಕೆಳಗೆ ಕನ್ನಡಿಯಂಥ ಟೈಲ್ಸು. ಎಣ್ಣೆಯಾಗಿದ್ದರೆ ಹರಡಿಯಾದರೂ ಕಣ್ಣಿಗೆ ಬೀಳುತ್ತಿತ್ತು. ಕ್ರೀಮು ಬಿಳಿ ಟೈಲ್ಸಿನ ಮೇಲೆ ಬಿಳಿಯಾಗಿ, ಇಟ್ಟಲ್ಲೇ ಕೂತಿತ್ತು. ಮೊಣಕಾಲು ತಿಕ್ಕಿಸಿಕೊಂಡು ಹಗುರಾಗಿ ಮೇಜಿನಿಂದ ಇಳಿದ ಸುಭೇದಾರರ ಬರಿಗಾಲು ನೇರ ಅದರ ಮೇಲೆ ಬಿತ್ತು. ನಾನು ಪಕ್ಕದ ಕೋಣೆಯಿಂದ ಓಡಿ ಬರುವಷ್ಟರಲ್ಲಿ ಅವರು ನೆಲದ ಮೇಲೆ ಕಾಲು ಮಡಚಿಕೊಂಡು ಕೂತಿದ್ದರು. ಅವ್ವ ಎರಡೂ ಕೈ ಗಾಳಿಯಲ್ಲಿ ಹಿಡಿದು ನಿಂತಿದ್ದಳು.

ಎಲುಬು ಮುರಿದಿರಲಿಲ್ಲ. ಆದರೆ ಅದೇ ಮೊಣಕಾಲು ಹೊರಳಿ ಬಾತುಕೊಂಡಿತು. ಯಾವುದರ ಮೇಲೆ ಜಾರಿದೆ ಎಂದು ಅವರು ನೆಲ ನೋಡುತ್ತಿದ್ದರು. ನಾನು ನೀರು ಚೆಲ್ಲಿತ್ತೋ ಏನೋ ಎಂದು ಮಾತು ಹಾರಿಸಲು ನೋಡಿದೆ. ಅವ್ವ ಬಿಡಲಿಲ್ಲ. ಬೊಟ್ಟು ಇಟ್ಟವಳು ತಾನು, ಯಾಕೆ ಇಡುತ್ತೇನೆ ಎಂಬುದೂ ಇದು ಎಂದು ನೇರವಾಗಿ ಹೇಳಿಬಿಟ್ಟಳು. ಅಷ್ಟು ವರ್ಷ ಯಾರಿಗೂ ಹೇಳದ್ದನ್ನು ಹಾಗೆ ನಿಂತುಕೊಂಡು ಒಪ್ಪಿಸಿದಳು. ಸುಭೇದಾರರು ನೋವಿನಲ್ಲೂ ಮೀಸೆಯೊಳಗೆ ನಕ್ಕರು.

“ಆಯುಷ್ಯ ಬೇಡಲಿಕ್ಕೆ ಹೋಗಿ ನನ್ನನ್ನ ಮ್ಯಾಲಕ್ಕ ಕಳಸತಿದ್ರಲ್ರೀ ಅಕ್ಕಾರ” ಅಂದರು.

ನಾನೂ ನಕ್ಕೆ. ಅವ್ವ ನಗಲಿಲ್ಲ. ಬಟ್ಟೆ ತಂದು ನೆಲ ಒರೆಸಿದಳು, ಸೋಪು ಹಾಕಿ ಕೈ ತೊಳೆದಳು, ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. ಮರುದಿನ ಬೆಳಿಗ್ಗೆ ಅವಳ ಪಾಳಿಯ ಹೆಂಗಸು ಬಂದು ಕಾಯುತ್ತಿದ್ದರೂ ಏಳಲಿಲ್ಲ.

“ಮನಶ್ಯಾನ್ನ ಬೀಳಿಸಿದ ಕೈ ಇದು. ಇನ್ನ ಯಾರ ಮೈಮ್ಯಾಲೂ ಇಡಂಗಿಲ್ಲ” ಅಂದಳು.

ನಾಲ್ಕು ದಿನದ ಸಿಟ್ಟು ಅಂದುಕೊಂಡೆ. ಆದರೆ ಅವ್ವ ಹಟಕ್ಕೆ ಬಿದ್ದರೆ ದೇವರೂ ಹಿಂದೆ ಸರಿಯಬೇಕು. ಕೇಂದ್ರಕ್ಕೆ ದಿನಾ ಬರುವಳು, ಟವೆಲು ಮಡಚುವಳು, ಚಹಾ ಕಾಸುವಳು, ಯಾರನ್ನೂ ಮಾತ್ರ ಮುಟ್ಟುತ್ತಿರಲಿಲ್ಲ. ಕೌದಿ ಮತ್ತೆ ಹಾಸಿದೆ, ಪ್ರಯೋಜನವಾಗಲಿಲ್ಲ. ಬೇಕಾದರೆ ಬೊಟ್ಟು ಬಿಟ್ಟು ತಿಕ್ಕು ಅಂದೆ. ಅವಳು ನನ್ನನ್ನು ನೋಡಿದ ರೀತಿಗೆ ‘ಬರೇ ಕೂಲಿ’ ಎಂಬ ಅವಳ ಹಳೇ ಮಾತು ನೆನಪಾಯಿತು. ನಿನ್ನ ಕೈ ಇಲ್ಲದಿದ್ದರೆ ಈ ಕೇಂದ್ರವನ್ನು ಮುಚ್ಚಿಬಿಡುತ್ತೇನೆ ಎಂದು ಹೆದರಿಸಿದೆ, ಅತ್ತೆ, ಜಗಳಾಡಿದೆ. ನನಗೆ ಗಿರಾಕಿಗಳ ಚಿಂತೆ ಇರಲಿಲ್ಲ. ಅಂಗೈ ಸುಲಿದು ಕಿಟಕಿಯಲ್ಲಿ ಕೂತಿದ್ದ ಆ ಅವ್ವ ಮತ್ತೆ ಬಂದಿದ್ದಳು, ಈ ಸಲ ಅವಳಿಗೆ ಹಚ್ಚಲು ಯಾವ ಮುಲಾಮೂ ಇರಲಿಲ್ಲ. ಕೈ ಬಿಟ್ಟ ಅವ್ವನಲ್ಲಿ ಏನು ಉಳಿಯುತ್ತದೆ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಮೊಣಕಾಲಿನ ಬಾವು ಇಳಿದ ಮೇಲೆ ಸುಭೇದಾರರೇ ಬಂದರು. ಕೋಲು ಊರಿಕೊಂಡು, ಪ್ಯಾಂಟು ಮಡಚಿ ತಯಾರಾಗಿಯೇ ಕೂತರು. ಡಬ್ಬಿಯನ್ನು ಅವ್ವನ ಮುಂದೆ ಸರಿಸಿ, ಬೊಟ್ಟು ಇಡಿ, ನಾನು ಎಲ್ಲಿದೆ ಎಂದು ನೋಡಿಕೊಂಡು ಇಳಿಯುತ್ತೇನೆ ಅಂದರು. ಅವ್ವ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ಭದ್ರ ಮಾಡಿ ನನ್ನ ಕೈಗೆ ಕೊಟ್ಟಳು. ಅವರಿಗೆ ಎರಡು ಕಪ್ಪು ಚಹಾ ಕೊಟ್ಟಳು. ಆ ದಿನ ಅವರ ಮೊಣಕಾಲನ್ನು ನಾನು ತಿಕ್ಕಿದೆ.

ಮಳೆಗಾಲ ಕಳೆದು ಥಂಡಿ ಬಂತು. ಅವ್ವನಿಗೆ ಕಾಲಿನ ಶಕ್ತಿ ಹೋಯಿತು, ಮೊದಲು ಕೇಂದ್ರ ಬಿಟ್ಟಳು, ಆಮೇಲೆ ಕುರ್ಚಿ ಬಿಟ್ಟಳು, ಕಡೆಗೆ ಎತ್ತರದ ಮಂಚವೇ ಅವಳ ಮನೆಯಾಯಿತು. ಮಧ್ಯಾಹ್ನ ಕೇಂದ್ರ ಮುಚ್ಚಿ ಬಂದು ಅವಳ ಕಾಲು ತಿಕ್ಕುವುದು ನನ್ನ ರೂಢಿ. ತಳೇಗಾಂವದ ಚಳಿಗೆ ಕ್ರೀಮು ಡಬ್ಬಿಯಲ್ಲಿ ಗಟ್ಟಿಯಾಗಿರುತ್ತಿತ್ತು, ಅಂಗೈಯಲ್ಲಿ ಹಿಡಿದು ಬಿಸಿ ಮಾಡಿಕೊಂಡು ಹಚ್ಚುತ್ತಿದ್ದೆ. ಮಲಗಿದಲ್ಲೇ ಅವಳು ತಪ್ಪು ತೆಗೆಯುತ್ತಿದ್ದಳು. ಅಲ್ಲಲ್ಲ, ಇನ್ನೂ ಕೆಳಗೆ, ಹಿಟ್ಟು ನಾದುತ್ತೀಯೇನು ಅನ್ನುವಳು. ಆ ಬೈಗುಳ ಕೇಳಿದರೆ ನನಗೆ ಸಮಾಧಾನ. ಬೈಯುವಷ್ಟು ದಿನ ಇದ್ದಾಳೆ ಎಂದು.

ಒಂದು ಮಧ್ಯಾಹ್ನ ಡಬ್ಬಿ ತೆರೆದು ಶುರು ಮಾಡುವವಳಿದ್ದೆ. ಅವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಬೊಟ್ಟ ಇಟ್ಟೇನು?”

ನಾನು ಇಟ್ಟಿರಲಿಲ್ಲ. ನಾನು ಯಾವತ್ತೂ ಇಟ್ಟವಳಲ್ಲ, ಅದು ಅವಳ ಕೆಲಸ ಎಂದೇ ಬಿಟ್ಟಿದ್ದೆ. ಅವಳು ಕಣ್ಣು ತೆರೆದು, ಡಬ್ಬಿ ಹತ್ತಿರ ಹಿಡಿ ಎಂದು ಸನ್ನೆ ಮಾಡಿದಳು. ಬೆರಳು ಅದ್ದಿದಳು. ಮಂಚದ ಅಂಚಿನಿಂದ ಕೈ ಕೆಳಗೆ ಚಾಚಿ ನೆಲ ಹುಡುಕಿದಳು. ಮುಟ್ಟಲಿಲ್ಲ. ನಾನು ಬಗ್ಗಿ ಇಡುತ್ತೇನೆ ಅಂದೆ, ಅವಳು ತಲೆ ಅಲ್ಲಾಡಿಸಿ ನನ್ನ ಕೈ ಹಿಡಿದು ಎಳೆದುಕೊಂಡಳು.

“ನೆಲಾ ಭಾಳ ದೂರ ಆತು. ಇಲ್ಲೇ ಇಡತೇನಿ” ಅಂದಳು.

ಮಣಿಕಟ್ಟಿನಿಂದ ಮೊಣಕೈವರೆಗೆ ನನ್ನ ಮುಂಗೈಯ ಮೇಲೆ ಸಾಲಾಗಿ ಏಳು ಬೊಟ್ಟು ಇಟ್ಟಳು. ಸಾಲು ಸೊಟ್ಟಗಾಯಿತು. ನಾನು ಇನ್ನು ಅವಳ ಕಾಲಿಗೆ ಕೈ ಹಾಕಬೇಕು ಎಂದು ಎದ್ದರೆ ಅವಳು ಬಿಡಲಿಲ್ಲ.

“ದಿನಾ ಮಂದೀ ಮೈ ತಿಕ್ಕತಿ. ನಿನ್ನ ಕೈ ಯಾರ ತಿಕ್ಕತಾರ?”

ಹಾಗೆಂದವಳು ಆ ಬೊಟ್ಟುಗಳ ಮೇಲೆಯೇ ಹೆಬ್ಬೆರಳು ಊರಿ ತಿಕ್ಕತೊಡಗಿದಳು. ಯಾರ ಮೈಮೇಲೂ ಇಡುವುದಿಲ್ಲ ಎಂದ ಕೈ ಅದು. ಬಲವೇನೂ ಉಳಿದಿರಲಿಲ್ಲ, ಹಕ್ಕಿ ಕೂತಷ್ಟು ಭಾರ. ಆದರೂ ಮಣಿಕಟ್ಟಿನ ಮೇಲೆ ನಾಲ್ಕು ಬೆರಳು ಬಿಟ್ಟು, ಎಷ್ಟೋ ದಿನದಿಂದ ನಾನು ಯಾರಿಗೂ ಹೇಳದೆ ಸಹಿಸುತ್ತಿದ್ದ ನೋವಿನ ಮೇಲೆ ಹೋಗಿ ನಿಂತುಕೊಂಡಿತು. ಇಲ್ಲೇ ಏನು ಎಂದು ಕೇಳಿದಳು. ಹೌದವ್ವಾ ಅಂದೆ. ಕೂಸುಗಳಂತೆ ದನಿ ತೆಗೆದು ಅತ್ತೆ, ನಾಚಿಕೆಯಾಗಲಿಲ್ಲ. ಅವಳು ಎಂದಿನಂತೆ ಏನೂ ಕೇಳಿಸಿಕೊಳ್ಳದೆ ತಿಕ್ಕುತ್ತಲೇ ಇದ್ದಳು.

ಸಂಕ್ರಾಂತಿಯ ಮೊದಲೇ ಅವ್ವ ಹೋದಳು.

ಸುಭೇದಾರರು ಈಗಲೂ ಬರುತ್ತಾರೆ. ಮೇಜಿನ ಮೇಲೆ ಕಾಲು ಚಾಚಿ, ಸೂರು ನೋಡುತ್ತ, ಮೊದಲು ಅದೊಂದನ್ನೇ ಕೇಳುತ್ತಾರೆ. “ಬೊಟ್ಟ ಇಟ್ಟೇನವಾ ತಂಗಿ?” ನಾನು ಎಡಗೈಯ ಮುಂಗೈಯನ್ನು ಚಾಚಿ ತೋರಿಸುತ್ತೇನೆ. ಅವರು ಕನ್ನಡಕ ಸರಿಮಾಡಿಕೊಂಡು ಏಳನ್ನೂ ಎಣಿಸಿ, ನಡೀಲಿ ಅನ್ನುತ್ತಾರೆ. ಚಾಕಣದ ಭುಜಗಳಿಗೂ, ಕಾಲನಿಯ ಕುತ್ತಿಗೆಗಳಿಗೂ ಹೀಗೇ ಇಡುತ್ತೇನೆ, ಅವರು ಕೇಳದಿದ್ದರೂ. ತಿಕ್ಕಿ ಮುಗಿಸುವಷ್ಟರಲ್ಲಿ ಮೈಯ ಬಿಸಿಗೆ ಬೊಟ್ಟೆಲ್ಲ ಕರಗಿ ನನ್ನ ಚರ್ಮದೊಳಗೇ ಇಳಿದಿರುತ್ತದೆ. ಕಲ್ಲಿಗೂ ಕೌದಿಗೂ ಹೋಗುತ್ತಿದ್ದ ಪಾಲು ಈಗ ದಿನಾ ನನಗೇ ಬರುತ್ತದೆ. ನೆಲ ದೂರವಾಯಿತು ಎಂದು ಅವ್ವ ನೆವ ಹೇಳಿದಳು ಅಷ್ಟೇ. ಸಂಜೆ ಬಾಗಿಲು ಹಾಕುವಾಗ ಚಿಲಕ ಕೈಯಲ್ಲಿ ಜಾರುತ್ತದೆ, ನಾನು ಒರೆಸುವುದಿಲ್ಲ.